ದ್ರಾವಿಡ್ ಎತ್ತೋ, ಇಲಿಯೋ? ಚೀನೀ ಪ್ರಾಣಿವರ್ಷಗಳ ಲೆಕ್ಕಾಚಾರ

ರಾಹುಲ್ ದ್ರಾವಿಡ್ ಹುಟ್ಟಿದ್ದು 1973ರ ಜನವರಿ 11ರಂದು. ಚೀನೀ ಲೆಕ್ಕದಲ್ಲಿ 1973 ಎತ್ತಿನ ವರ್ಷ. ಎತ್ತಿನ ವರ್ಷದವರ ಗುಣ ಹೇಳುವ ಯಾವ ಪುಸ್ತಕ ತೆರೆದರೂ ಅದೇ ಮಾತು: ತಾಳ್ಮೆ, ಹಟ, ಸದ್ದಿಲ್ಲದ ದುಡಿಮೆ, ಹೆಗಲು ಕೊಟ್ಟ ಮೇಲೆ ಕೊನೆತನಕ ಎಳೆಯುವ ನಿಷ್ಠೆ. 'ಗೋಡೆ' ಎಂದು ಬಿರುದು ಪಡೆದ ಆಟಗಾರನಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ವಿವರಣೆ ಸಿಗಲಿಕ್ಕಿಲ್ಲ. ತೊಡಕು ಒಂದೇ. ಆ ವರ್ಷ ಚೀನೀಯರ ಹೊಸವರ್ಷ ಬಂದದ್ದು ಫೆಬ್ರವರಿ 3ಕ್ಕೆ. ಜನವರಿ 11ರಂದು ಅಲ್ಲಿ ಇನ್ನೂ ಹಿಂದಿನ ವರ್ಷವೇ ನಡೆಯುತ್ತಿತ್ತು, ಅದು ಇಲಿಯದು.

ಸರಿ, ಇಲಿಯ ಗುಣಗಳನ್ನು ಓದೋಣ. ಸದಾ ಎಚ್ಚರ, ಚುರುಕು ಕಣ್ಣು, ಚಿಕ್ಕದನ್ನೂ ಬಿಡದೆ ಕೂಡಿಡುವ ಬುದ್ಧಿ, ಇಕ್ಕಟ್ಟಿನಲ್ಲೂ ದಾರಿ ಹುಡುಕುವ ಜಾಣತನ. ಒಂದೊಂದೇ ರನ್ ಕೂಡಿಟ್ಟು ಟೆಸ್ಟ್ ಕ್ರಿಕೆಟ್‌ನಲ್ಲಿ 13,288ಕ್ಕೆ ಮುಟ್ಟಿದವರಿಗೆ ಇದೂ ಚೆನ್ನಾಗಿಯೇ ಹೊಂದುತ್ತದೆ! ಚೀನೀ ಪ್ರಾಣಿಗಳ ವಿಷಯಕ್ಕೆ ಕೈಹಾಕುವವರು ಎಡವುವುದು ಇಲ್ಲೇ. ಗುಣದ ಪಟ್ಟಿ ಯಾರಿಗಾದರೂ ಸಿಕ್ಕುತ್ತದೆ, ಯಾರಿಗಾದರೂ ಹೊಂದುತ್ತದೆ. ಅದರ ಹಿಂದಿನ ಲೆಕ್ಕ ಮಾತ್ರ ಗಟ್ಟಿಯಾದದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು. ನನ್ನ ಮಟ್ಟಿಗೆ ಸ್ವಾರಸ್ಯವಿರುವುದೂ ಆ ಲೆಕ್ಕದಲ್ಲೇ.

ಲೆಕ್ಕ ಹಾಕುವ ಬಗೆ

ಹುಟ್ಟಿದ ಇಸವಿಯನ್ನು 12ರಿಂದ ಭಾಗಿಸಿ ಶೇಷ ನೋಡಿ. 4 ಉಳಿದರೆ ಇಲಿ, 5 ಎತ್ತು, 6 ಹುಲಿ, 7 ಮೊಲ, 8 ಡ್ರ್ಯಾಗನ್, 9 ಹಾವು, 10 ಕುದುರೆ, 11 ಕುರಿ ಅಥವಾ ಆಡು. ಶೇಷವೇ ಉಳಿಯದಿದ್ದರೆ ಕೋತಿ. 1 ಉಳಿದರೆ ಹುಂಜ, 2 ನಾಯಿ, 3 ಹಂದಿ. ಪ್ರಾಣಿಯ ಜೊತೆಗೆ ಪ್ರತಿ ವರ್ಷಕ್ಕೂ ಐದು ತತ್ತ್ವಗಳಲ್ಲಿ ಒಂದು ಸೇರುತ್ತದೆ; ಅದನ್ನು ತಿಳಿಯಲು ಭಾಗಾಕಾರವೂ ಬೇಡ, ಇಸವಿಯ ಕೊನೆಯ ಅಂಕೆ ಸಾಕು. 4 ಮತ್ತು 5 ಮರ, 6 ಮತ್ತು 7 ಬೆಂಕಿ, 8 ಮತ್ತು 9 ಮಣ್ಣು, 0 ಮತ್ತು 1 ಲೋಹ, 2 ಮತ್ತು 3 ನೀರು. ಸರಿಸಂಖ್ಯೆಯ ಇಸವಿ ಯಾಂಗ್, ಬೆಸಸಂಖ್ಯೆಯದು ಯಿನ್. ಹೀಗೆ 1984ರವರು ಮರ-ಇಲಿ, 1990ರವರು ಲೋಹ-ಕುದುರೆ, 2026 ಬೆಂಕಿ-ಕುದುರೆ.

ಜನವರಿಯಲ್ಲೋ ಫೆಬ್ರವರಿಯ ಮೊದಲ ಮೂರು ವಾರದಲ್ಲೋ ಹುಟ್ಟಿದವರು ಇಷ್ಟಕ್ಕೇ ನಿಲ್ಲಿಸಬಾರದು. ಚೀನೀ ಹೊಸವರ್ಷ ಬೀಳುವುದು ಅಮಾವಾಸ್ಯೆಯ ದಿನ, ಸಾಮಾನ್ಯವಾಗಿ ಡಿಸೆಂಬರ್ 21-22ರ ದೀರ್ಘರಾತ್ರಿಯ ನಂತರ ಬರುವ ಎರಡನೇ ಅಮಾವಾಸ್ಯೆಯಂದು. ನಮ್ಮ ಪಂಚಾಂಗದಲ್ಲಿ ನೋಡಿದರೆ ಪುಷ್ಯ ಅಥವಾ ಮಾಘ ಮಾಸದ ಅಮಾವಾಸ್ಯೆಯ ಆಸುಪಾಸು. ಹಾಗಾಗಿ ದಿನಾಂಕ ಜಾರುತ್ತಲೇ ಇರುತ್ತದೆ. 2023ರಲ್ಲಿ ಅದು ಜನವರಿ 22ಕ್ಕೇ ಬಂತು. 1985ರಲ್ಲಿ ಫೆಬ್ರವರಿ 20ರವರೆಗೆ ಕಾಯಿಸಿತು. 2026ರ ಕುದುರೆ ಓಡುವುದು ಆ ವರ್ಷದ ಫೆಬ್ರವರಿ 17ರಿಂದ 2027ರ ಫೆಬ್ರವರಿ 5ರವರೆಗೆ. ನಿಮ್ಮ ಹುಟ್ಟು ಆ ವರ್ಷದ ಗಡಿಗಿಂತ ಮುಂಚೆ ಇದ್ದರೆ ಹಿಂದಿನ ಇಸವಿಯನ್ನು ಹಿಡಿದು ಭಾಗಿಸಬೇಕು.

ಇನ್ನೊಂದು ಗಡಿಯೂ ಇದೆ. ವೃತ್ತಿಯಾಗಿ ಜಾತಕ ನೋಡುವ ಚೀನೀ ಜ್ಯೋತಿಷಿಗಳು ಹಲವರು ಅಮಾವಾಸ್ಯೆಯನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅವರಿಗೆ ವರ್ಷ ಬದಲಾಗುವುದು 'ಲಿಚುನ್' ದಿನ, ಅಂದರೆ ವಸಂತಾರಂಭದ ಸೌರಬಿಂದು. ಅದು ಪ್ರತಿವರ್ಷವೂ ಫೆಬ್ರವರಿ 4ರ ಒಂದು ದಿನ ಆಚೀಚೆ. ಮಾರುಕಟ್ಟೆಯ ಕ್ಯಾಲೆಂಡರ್ ಪ್ರಕಾರ ಹಾವಾದವರು ಜ್ಯೋತಿಷಿಯ ಮುಂದೆ ಕೂತಾಗ ಕುದುರೆಯಾಗುವುದು ಹೀಗೆ. ಎರಡೂ ತಪ್ಪಲ್ಲ, ಬೇರೆ ಬೇರೆ ರೂಢಿ ಅಷ್ಟೆ. ದ್ರಾವಿಡ್ ಮಾತ್ರ ಎರಡು ಲೆಕ್ಕದಲ್ಲೂ ನೀರು-ಇಲಿಯೇ.

ನಮ್ಮಲ್ಲಿ ಹಿರಿಯರ ಹುಟ್ಟಿದ ದಿನ ಬಹಳ ಸಲ ಶಾಲೆಗೆ ಸೇರಿಸಿದ ಮೇಷ್ಟ್ರ ಕೃಪೆ ಎಂಬುದನ್ನೂ ಮರೆಯಬಾರದು. ಅಂಕಪಟ್ಟಿಯ ಜೂನ್ 1ನ್ನು ನಂಬಿ ಪ್ರಾಣಿ ಹುಡುಕಿದರೆ ಪಕ್ಕದ ಮನೆಯವರ ಪ್ರಾಣಿ ಸಿಕ್ಕೀತು.

ಹತ್ತು, ಹನ್ನೆರಡು, ಅರವತ್ತು

ತತ್ತ್ವ ಐದು, ಪ್ರಾಣಿ ಹನ್ನೆರಡು, ಯಿನ್-ಯಾಂಗ್ ಎರಡು. ಗುಣಿಸಿದರೆ 120 ಬರಬೇಕು, ಆದರೆ ಚಕ್ರ 60ಕ್ಕೇ ಮುಗಿಯುತ್ತದೆ. ಕಾರಣ, ಇಲ್ಲಿ ತಿರುಗುವುದು ಹತ್ತು ಹಲ್ಲಿನ ಮತ್ತು ಹನ್ನೆರಡು ಹಲ್ಲಿನ ಎರಡು ಚಕ್ರಗಳು. ಹತ್ತರದು 'ಆಕಾಶದ ಕಾಂಡ', ಹನ್ನೆರಡರದು 'ಭೂಮಿಯ ಕೊಂಬೆ'. ವರ್ಷಕ್ಕೊಮ್ಮೆ ಎರಡೂ ಒಂದೊಂದು ಹಲ್ಲು ಮುಂದೆ ಸರಿಯುತ್ತವೆ. ಸರಿ ಸ್ಥಾನಕ್ಕೆ ಸರಿ, ಬೆಸಕ್ಕೆ ಬೆಸ ಮಾತ್ರ ಎದುರಾಗುತ್ತದೆ. ಹಾಗಾಗಿ ಕುದುರೆ ಎಂದೆಂದಿಗೂ ಯಾಂಗ್, ಹಾವು ಎಂದೆಂದಿಗೂ ಯಿನ್. 'ಯಿನ್ ಕುದುರೆ' ಎಂಬುದು ಹುಟ್ಟಲೇ ಆಗದ ಪ್ರಾಣಿ. ಮೊದಲ ಕಾಂಡ ಮೊದಲ ಕೊಂಬೆಗೆ ಮತ್ತೆ ಎದುರಾಗಲು 60 ವರ್ಷ ಬೇಕು. ಈಗ ನಡೆಯುತ್ತಿರುವ ಸುತ್ತು ಶುರುವಾದದ್ದು 1984ರಲ್ಲಿ, ಮುಂದಿನದು 2044ಕ್ಕೆ.

ಅರವತ್ತರ ಸುತ್ತು ಕನ್ನಡಿಗರಿಗೆ ಹೊಸದೇನಲ್ಲ. ಪ್ರಭವದಿಂದ ಅಕ್ಷಯದವರೆಗಿನ ಸಂವತ್ಸರಗಳೂ ಅರವತ್ತೇ. ನಮ್ಮ ಈಗಿನ ಸುತ್ತಿನ ಪ್ರಭವ ಬಂದದ್ದು 1987ರ ಯುಗಾದಿಗೆ, ಚೀನೀಯರಿಗಿಂತ ಮೂರು ವರ್ಷ ತಡವಾಗಿ. ಅರವತ್ತು ತುಂಬಿದಾಗ ನಾವು ಷಷ್ಟಿಪೂರ್ತಿ ಶಾಂತಿ ಮಾಡಿಸುತ್ತೇವೆ. ಜಪಾನಿನಲ್ಲಿ ಅದೇ ವಯಸ್ಸಿಗೆ ಹಿರಿಯರಿಗೆ ಕೆಂಪು ಟೋಪಿ, ತೋಳಿಲ್ಲದ ಕೆಂಪು ಅಂಗಿ ತೊಡಿಸಿ 'ಕಾನ್‌ರೆಕಿ' ಆಚರಿಸುತ್ತಾರೆ. ಹುಟ್ಟಿದ ವರ್ಷದ ಹೆಸರು ಪೂರ್ತಿಯಾಗಿ ಮರಳಿ ಬಂತು, ಬಾಲ್ಯ ಮತ್ತೆ ಶುರುವಾಯಿತು ಎಂಬ ಭಾವ ಅದರಲ್ಲಿದೆ.

ನಮ್ಮ ಮತ್ತು ಚೀನೀಯರ ಅರವತ್ತರ ಸುತ್ತುಗಳನ್ನು ಜೋಡಿಸಿದವರು ಟಿಬೆಟಿನವರು. ಭಾರತದಿಂದ ಕಾಲಚಕ್ರ ಪರಂಪರೆ ತಂದ ಲೆಕ್ಕವನ್ನು ಹಿಡಿದು ಅವರು ತಮ್ಮ ಅರವತ್ತರ ಸುತ್ತನ್ನು 1027ರಿಂದ ಎಣಿಸುತ್ತಾರೆ. ಅದು ಪ್ರಭವ ಸಂವತ್ಸರ. ಹೆಸರುಗಳು ಮಾತ್ರ ಚೀನೀ ಮಾದರಿಯವು, ತತ್ತ್ವ ಮತ್ತು ಪ್ರಾಣಿ. ಅವರ ಹದಿನೇಳನೆಯ ಸುತ್ತು ಶುರುವಾದದ್ದು 1987ರಲ್ಲಿ, ಬೆಂಕಿ-ಮೊಲದ ವರ್ಷದಲ್ಲಿ. ಬೈಲಕುಪ್ಪೆಯ ಅಥವಾ ಮುಂಡಗೋಡದ ಟಿಬೆಟನ್ ಶಿಬಿರಗಳಲ್ಲಿ ಲೋಸಾರ್ ಹಬ್ಬದಂದು ಶುರುವಾಗುವ ವರ್ಷಕ್ಕೂ, ತಿಂಗಳೊಪ್ಪತ್ತಿನಲ್ಲಿ ಪಕ್ಕದ ಊರಿನ ಯುಗಾದಿಗೆ ಶುರುವಾಗುವ ಸಂವತ್ಸರಕ್ಕೂ ಕ್ರಮಸಂಖ್ಯೆ ಒಂದೇ. 1935ರಲ್ಲಿ ಹುಟ್ಟಿದ ದಲೈ ಲಾಮಾ ಮರ-ಹಂದಿ ವರ್ಷದವರು. ಹಂದಿ ಎಂದರೆ ನಮ್ಮಲ್ಲಿ ಬೈಗುಳ, ಅಲ್ಲಿ ಅದಕ್ಕೆ ಅಂಥ ಕಳಂಕವಿಲ್ಲ.

ಕಳ್ಳನ ಮುಖಚಹರೆ

ಎಣಿಕೆ ಮೊದಲು ಬಂತು, ಪ್ರಾಣಿಗಳು ಆಮೇಲೆ ಬಂದು ಸೇರಿಕೊಂಡವು. ಶಾಂಗ್ ಅರಸರ ಕಾಲದಲ್ಲಿ, ಕ್ರಿಸ್ತಪೂರ್ವ 13ನೆಯ ಶತಮಾನದ ಹೊತ್ತಿಗೆ, ಆನ್ಯಾಂಗ್‌ನ ಮೂಳೆ ಮತ್ತು ಆಮೆಚಿಪ್ಪುಗಳ ಮೇಲೆ ಕೊರೆದ ಬರಹಗಳಲ್ಲಿ ಕಾಂಡ-ಕೊಂಬೆಗಳ ಅರವತ್ತು ಜೋಡಿಗಳೂ ಇವೆ. ಅವು ಎಣಿಸುತ್ತಿದ್ದುದು ವರ್ಷಗಳನ್ನಲ್ಲ, ದಿನಗಳನ್ನು. ಅಲ್ಲಿ ಇಲಿಯೂ ಇಲ್ಲ, ಹುಲಿಯೂ ಇಲ್ಲ.

ಪ್ರಾಣಿಗಳು ಪಟ್ಟಿಯಾಗಿ ಕಾಣಿಸುವ ಹಳೆಯ ದಾಖಲೆಗಳಲ್ಲಿ ಒಂದು 1975ರಲ್ಲಿ ಹೂಬೈ ಪ್ರಾಂತ್ಯದ ಶ್ವೇಹೂದಿಯಲ್ಲಿ ಸಿಕ್ಕಿತು. ಕ್ರಿಸ್ತಪೂರ್ವ 217ರಲ್ಲಿ ಮಣ್ಣಾದ ಚಿನ್ ರಾಜ್ಯದ ಒಬ್ಬ ಅಧಿಕಾರಿಯ ಸಮಾಧಿಯೊಳಗೆ ಬಿದಿರಿನ ಪಟ್ಟಿಗಳ ರಾಶಿಯೇ ಇತ್ತು. ಅವುಗಳಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಹೇಳುವ 'ದಿನಪುಸ್ತಕ'ವೂ ಒಂದು. ಅದರಲ್ಲಿ ಪ್ರಾಣಿಗಳು ಬರುವುದು ಕಳ್ಳರನ್ನು ಹಿಡಿಯುವ ಅಧ್ಯಾಯದಲ್ಲಿ! ಇಲಿಯ ದಿನ ಕಳವಾದರೆ ಕಳ್ಳನಿಗೆ ಚೂಪು ಬಾಯಿ, ವಿರಳ ಮೀಸೆ, ಕಪ್ಪು ಕೈ, ಮುಖದ ಮೇಲೊಂದು ಮಚ್ಚೆ. ಮಾಲನ್ನು ಗೋಡೆಯೊಳಗಿನ ಕಸದ ಕೆಳಗೆ ಹುದುಗಿಸಿರುತ್ತಾನೆ. ಎತ್ತಿನ ದಿನವಾದರೆ ದಪ್ಪ ಮೂಗು, ಉದ್ದ ಕತ್ತು. ಪ್ರಾಣಿಯನ್ನು ನೋಡಿ ಮನುಷ್ಯನನ್ನು ಬಣ್ಣಿಸುವ ಈ ಪದ್ಧತಿಯ ನಮಗೆ ಸಿಕ್ಕಿರುವ ಹಳೆಯ ಮಾದರಿ, ಪೊಲೀಸ್ ಠಾಣೆಯಲ್ಲಿ ಇರಬೇಕಾದಂಥದ್ದು. ಪಟ್ಟಿಯೂ ಆಗಿನ್ನೂ ಪಕ್ವವಾಗಿರಲಿಲ್ಲ. ಈಗ ಕುದುರೆ ನಿಂತಿರುವ ಜಾಗದಲ್ಲಿ ಅಲ್ಲಿ ಜಿಂಕೆ ಇದೆ, ಕುದುರೆ ಮುಂದಿನ ಮನೆಯಲ್ಲಿದೆ.

ಮುಂದೆ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ವಾಂಗ್ ಚೊಂಗ್ ಎಂಬ ಚಿಂತಕ ಇಂದಿನ ಹನ್ನೆರಡೂ ಪ್ರಾಣಿಗಳನ್ನು ಹೆಸರಿಸುತ್ತಾನೆ, ಹೆಸರಿಸಿದ್ದೇ ಗೇಲಿ ಮಾಡಲು. ನೀರು ಬೆಂಕಿಯನ್ನು ಗೆಲ್ಲುವುದು ನಿಜವಾದರೆ ನೀರಿನ ಪ್ರಾಣಿಯಾದ ಇಲಿ ಬೆಂಕಿಯ ಪ್ರಾಣಿಯಾದ ಕುದುರೆಯನ್ನು ಯಾಕೆ ಅಟ್ಟಿಸಿಕೊಂಡು ಹೋಗುವುದಿಲ್ಲ, ಲೋಹದ ಹುಂಜ ಮರದ ಮೊಲವನ್ನು ಯಾಕೆ ಕುಕ್ಕುವುದಿಲ್ಲ ಎಂಬುದು ಅವನ ತಕರಾರು. ಈ ನಂಬಿಕೆಯ ಬಗ್ಗೆ ಎತ್ತಬಹುದಾದ ಜಾಣ ಪ್ರಶ್ನೆಯನ್ನು ಚೀನೀಯನೊಬ್ಬನೇ 1,900 ವರ್ಷಗಳ ಹಿಂದೆ ಎತ್ತಿಯಾಗಿತ್ತು.

ಜೇಡ್ ಚಕ್ರವರ್ತಿ ಏರ್ಪಡಿಸಿದ ಓಟದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಎತ್ತಿನ ಬೆನ್ನೇರಿ ನದಿ ದಾಟಿದ ಇಲಿ ಕೊನೆಗಳಿಗೆಯಲ್ಲಿ ಜಿಗಿದು ಮೊದಲ ಸ್ಥಾನ ಹೊಡೆಯಿತು, ಮೋಸಹೋದ ಬೆಕ್ಕು ಪಟ್ಟಿಯಿಂದಲೇ ಹೊರಗುಳಿಯಿತು. ಮಕ್ಕಳಿಗೆ ಕ್ರಮ ಬಾಯಿಪಾಠವಾಗಲು ಇದು ಬಹಳ ಅನುಕೂಲ, ಮೂಲವನ್ನು ಮಾತ್ರ ಇದು ಹೇಳುವುದಿಲ್ಲ. ಆ ಬೆಕ್ಕಿಗೆ ವಿಯೆಟ್ನಾಮಿನಲ್ಲಿ ನ್ಯಾಯ ಸಿಕ್ಕಿದೆ. ಅಲ್ಲಿ ಮೊಲದ ಬದಲು ಬೆಕ್ಕು, ಎತ್ತಿನ ಬದಲು ಎಮ್ಮೆ. ಜಪಾನಿನಲ್ಲಿ ಸಾಕುಹಂದಿಯ ಜಾಗಕ್ಕೆ ಕಾಡುಹಂದಿ. ಜೊತೆಗೆ ಜಪಾನ್ 1873ರಿಂದ ಹೊಸವರ್ಷವನ್ನೇ ಜನವರಿ 1ಕ್ಕೆ ತಂದುಕೊಂಡಿದೆ.

ಐದು ತತ್ತ್ವ, ನಮ್ಮ ಪಂಚಭೂತವಲ್ಲ

ಐದೆಂದ ತಕ್ಷಣ ನಮಗೆ ಪಂಚಭೂತ ನೆನಪಾಗುತ್ತದೆ. ಆದರೆ ಈ ಪಟ್ಟಿಯಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಮರ ಮತ್ತು ಲೋಹ ಇವೆ. ಪಂಚಭೂತ ಜಗತ್ತು ಯಾವುದರಿಂದ ಆಗಿದೆ ಎಂದು ಹೇಳಿದರೆ, ಚೀನೀ ಐದು ಜಗತ್ತು ಹೇಗೆ ಮಗ್ಗುಲು ಬದಲಿಸುತ್ತದೆ ಎಂದು ಹೇಳಲು ಹೊರಟಿವೆ. ಮರ ಉರಿದು ಬೆಂಕಿ, ಬೆಂಕಿಯ ಬೂದಿಯಿಂದ ಮಣ್ಣು, ಮಣ್ಣಿನೊಳಗಿಂದ ಲೋಹ, ತಣ್ಣನೆಯ ಲೋಹದ ಮೇಲೆ ಕೂಡುವ ನೀರು, ನೀರುಂಡು ಬೆಳೆಯುವ ಮರ. ಇದು ಹೆರುವ ಸುತ್ತು. ಇನ್ನೊಂದು ಗೆಲ್ಲುವ ಸುತ್ತು: ಬೇರು ಮಣ್ಣನ್ನು ಸೀಳುತ್ತದೆ, ಮಣ್ಣಿನ ಏರಿ ನೀರನ್ನು ತಡೆಯುತ್ತದೆ, ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ, ಲೋಹದ ಕೊಡಲಿ ಮರವನ್ನು ಕಡಿಯುತ್ತದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಝೋ ಯಾನ್ ಹೆಸರಿಗೆ ಅಂಟಿಕೊಂಡಿರುವ ಈ ವಾದವನ್ನು ಅರಸುಮನೆತನಗಳ ಏಳುಬೀಳಿಗೂ ಹಚ್ಚಿದರು. ಚಿನ್ ಚಕ್ರವರ್ತಿ ತನ್ನದು ನೀರಿನ ಬಲ ಎಂದು ಸಾರಿ ಕಪ್ಪು ಬಣ್ಣವನ್ನೇ ರಾಜವರ್ಣ ಮಾಡಿಕೊಂಡ.

ಗುಣಗಳು ಹುಟ್ಟುವುದು ಇಲ್ಲಿಂದ. ಮರ ವಸಂತಕಾಲ, ಪೂರ್ವ ದಿಕ್ಕು, ಯಕೃತ್ತು ಮತ್ತು ಕರುಣೆಗೆ ಸೇರಿದ್ದು. ಹಾಗಾಗಿ ಮರದ ವರ್ಷದವರು ಬೆಳೆಯುವವರು, ಉದಾರಿಗಳು. ಬೆಂಕಿ ಬೇಸಿಗೆ, ದಕ್ಷಿಣ, ಹೃದಯ, ಶಿಷ್ಟಾಚಾರದ್ದು; ಅವರಿಗೆ ಉತ್ಸಾಹ, ಮುಂಗೋಪ. ಮಣ್ಣು ನಡುಮಧ್ಯದ್ದು, ನಂಬಿಕೆಗೆ ಅರ್ಹರು, ಸ್ವಲ್ಪ ಮಂದಗತಿ. ಲೋಹಕ್ಕೆ ಶರದೃತು, ಪಶ್ಚಿಮ, ಶ್ವಾಸಕೋಶ, ನ್ಯಾಯನಿಷ್ಠೆ, ಮನುಷ್ಯ ಖಡಕ್. ನೀರಿಗೆ ಚಳಿಗಾಲ, ಉತ್ತರ, ಮೂತ್ರಪಿಂಡ, ಬುದ್ಧಿವಂತಿಕೆ. ಪಾತ್ರೆಗೆ ತಕ್ಕಂತೆ ಹೊಂದಿಕೊಳ್ಳುವವರು.

ವರ್ಷದ ತತ್ತ್ವವಲ್ಲದೆ ಪ್ರತಿ ಪ್ರಾಣಿಗೂ ತನ್ನದೇ ಸ್ಥಿರ ತತ್ತ್ವವಿದೆ. ಹುಲಿ, ಮೊಲ ಮರದವು. ಹಾವು, ಕುದುರೆ ಬೆಂಕಿಯವು. ಕೋತಿ, ಹುಂಜ ಲೋಹದವು. ಹಂದಿ, ಇಲಿ ನೀರಿನವು. ಎತ್ತು, ಡ್ರ್ಯಾಗನ್, ಕುರಿ, ನಾಯಿ ಮಣ್ಣಿನವು. ಬೆಂಕಿ-ಕುದುರೆ ವರ್ಷಕ್ಕೆ ಜನ ಹೆದರುವುದು ಇದಕ್ಕೇ: ಬೆಂಕಿಯ ಮೇಲೆ ಬೆಂಕಿ. 1246ರ ಅಂಥದೇ ವರ್ಷದಲ್ಲಿ ದಕ್ಷಿಣ ಸೊಂಗ್ ರಾಜ್ಯದ ಚಾಯ್ ವಾಂಗ್ ಎಂಬ ವಿದ್ವಾಂಸ ಹಿಂದಿನ ಬೆಂಕಿ-ಕುದುರೆ, ಬೆಂಕಿ-ಕುರಿ ವರ್ಷಗಳಲ್ಲಿ ನಡೆದ ಅನಾಹುತಗಳನ್ನೆಲ್ಲ ಪೋಣಿಸಿ ಒಂದು ಗ್ರಂಥವನ್ನೇ ಅರಮನೆಗೆ ಒಪ್ಪಿಸಿದ. ಅರಮನೆ ಅವನನ್ನು ಸೆರೆಗೆ ಕಳಿಸಿತು.

ಮಜಾ ಏನೆಂದರೆ, ಚೀನೀ ಪಂಚಾಂಗದಲ್ಲಿ 'ನಾಯಿನ್' ಎಂಬ ಇನ್ನೊಂದು ಹಳೆಯ ಪದ್ಧತಿಯಿದೆ. ಅದು ಎರಡೆರಡು ವರ್ಷಕ್ಕೆ ಒಂದು ತತ್ತ್ವ ಕೊಟ್ಟು ಚೆಂದದ ಹೆಸರನ್ನೂ ಇಡುತ್ತದೆ. 1984-85 'ಕಡಲೊಳಗಿನ ಲೋಹ', 1990-91 'ದಾರಿಬದಿಯ ಮಣ್ಣು'. ಹಾಗಾದರೆ ಬೆಂಕಿಯ ಮೇಲೆ ಬೆಂಕಿಯಾದ 2026 ಯಾವುದು? 'ಆಕಾಶಗಂಗೆಯ ನೀರು'! ಒಂದೇ ವರ್ಷ ಒಂದು ಕೋಷ್ಟಕದಲ್ಲಿ ಉರಿಯುತ್ತದೆ, ಇನ್ನೊಂದರಲ್ಲಿ ಹರಿಯುತ್ತದೆ. ನಿಮ್ಮ ತತ್ತ್ವದ ಬಗ್ಗೆ ಎರಡು ಪುಸ್ತಕ ಎರಡು ಮಾತು ಹೇಳಿದರೆ ಕಾರಣ ಬಹುತೇಕ ಇದೇ ಆಗಿರುತ್ತದೆ. ವ್ಯಾಪಾರಿಗಳು ಎರಡನ್ನೂ ಬಿಟ್ಟು ಮೂರನೆಯದನ್ನು ಮಾಡಿಕೊಳ್ಳುವುದೂ ಉಂಟು. 2007ನ್ನು 'ಚಿನ್ನದ ಹಂದಿ' ವರ್ಷವೆಂದು ಚೀನಾದಲ್ಲೂ ಕೊರಿಯಾದಲ್ಲೂ ಭರ್ಜರಿಯಾಗಿ ಸಾರಿದರು. ಕಾಂಡದ ಲೆಕ್ಕದಲ್ಲಿ ಅದು ಬೆಂಕಿ, ನಾಯಿನ್‌ನಲ್ಲಿ 'ಮಾಳಿಗೆಯ ಮಣ್ಣು'. ಚಿನ್ನ ಎಲ್ಲೂ ಇರಲಿಲ್ಲ.

ಗುಣ, ಜೋಡಿ, ಜಾತಕ

ಪ್ರಾಣಿಗಳ ಗುಣಗಳಲ್ಲಿ ಬಹುಪಾಲು ಊಹಿಸಬಹುದಾದವೇ. ನಾಯಿ ನಿಷ್ಠೆ, ಕುದುರೆ ಸ್ವಾತಂತ್ರ್ಯದ ಗೀಳು, ಕೋತಿ ಕುಯುಕ್ತಿ, ಹುಂಜ ಸಮಯಪಾಲನೆ ಮತ್ತು ಒಂದಿಷ್ಟು ಜಂಬ, ಮೊಲ ನಯನಾಜೂಕು. ನಮ್ಮ ಕಣ್ಣಿಗೆ ಬೇರೆಯಾಗಿ ಕಾಣುವುವು ಎರಡು ಮೂರು. ಹಾವಿನ ವರ್ಷದವರನ್ನು ಅಲ್ಲಿ ವಿಷಕಾರಿ ಎನ್ನುವುದಿಲ್ಲ. ಕಡಿಮೆ ಮಾತಿನ, ಆಳವಾಗಿ ಯೋಚಿಸುವ, ರೂಪವಂತ ಜನ ಅವರು. ಹಾವಿಗೆ 'ಕಿರಿ ಡ್ರ್ಯಾಗನ್' ಎಂಬ ಗೌರವವೂ ಇದೆ. ಹಂದಿಯವರು ಕೊಡುಗೈ, ಊಟ-ತಿಂಡಿಯ ಶೋಕಿ, ಕಪಟವಿಲ್ಲದವರು. ಕುರಿ ಕಲಾವಿದರ ಪ್ರಾಣಿ, ಆದರೆ ಕುರಿ ವರ್ಷದ ಮಕ್ಕಳಿಗೆ ಅದೃಷ್ಟ ಕಡಿಮೆ ಎಂಬ ಮಾತು ಉತ್ತರ ಚೀನಾದಲ್ಲಿ ಇಂದಿಗೂ ಹಿರಿಯರ ಬಾಯಲ್ಲಿದೆ. ಹುಲಿ ಗಂಡಿಗೆ ಶೋಭೆ. ಹೆಣ್ಣು ಹುಲಿಯಾದರೆ ಗಂಡನ ಮನೆಯವರ ಹುಬ್ಬು ಗಂಟಾಗುತ್ತದೆ. ತೈವಾನಿನ ಮದುವೆಗಳಲ್ಲಿ ಹುಲಿ ವರ್ಷದವರನ್ನು ಮದುಮಗಳ ಕೋಣೆಗೆ ಬಿಡದ ರೂಢಿಯಿದೆ. ಗುಣದ ಪಟ್ಟಿ ನಿರಪಾಯಕಾರಿ ತಮಾಷೆಯಾಗಿ ಉಳಿಯದೆ ಹೋಗುವುದು ಇಂಥ ಕಡೆ, ಮತ್ತು ಅದರ ಪೆಟ್ಟು ಹೆಚ್ಚಾಗಿ ಹೆಣ್ಣುಮಕ್ಕಳಿಗೇ.

ಜೋಡಿ ಕೂಡಿಸುವ ಸೂತ್ರ ನಮ್ಮ ಮೂವತ್ತಾರು ಗುಣಗಳಷ್ಟು ಜಟಿಲವಲ್ಲ. ನಾಲ್ಕು ವರ್ಷದ ಅಥವಾ ಎಂಟು ವರ್ಷದ ಅಂತರ ಒಳ್ಳೆಯದು: ಇಲಿ-ಡ್ರ್ಯಾಗನ್-ಕೋತಿ ಒಂದು ಕೂಟ, ಎತ್ತು-ಹಾವು-ಹುಂಜ ಇನ್ನೊಂದು, ಹುಲಿ-ಕುದುರೆ-ನಾಯಿ ಮತ್ತೊಂದು, ಮೊಲ-ಕುರಿ-ಹಂದಿ ಕೊನೆಯದು. ಆರು ವರ್ಷದ ಅಂತರ ಎದುರುಬದುರು ನಿಂತು ಕಾದಾಡುವಂಥದ್ದು: ಇಲಿಗೆ ಕುದುರೆ, ಹುಲಿಗೆ ಕೋತಿ, ಹಾವಿಗೆ ಹಂದಿ. ಇದಲ್ಲದೆ ಇಲಿ-ಎತ್ತು, ಹುಲಿ-ಹಂದಿ ಎಂಬಂತಹ ಆರು ಗುಟ್ಟಿನ ಸ್ನೇಹಗಳೂ ಇವೆ.

ಆದರೆ ಕಸುಬು ಬಲ್ಲ ಚೀನೀ ಜ್ಯೋತಿಷಿ ಬರಿಯ ವರ್ಷದ ಪ್ರಾಣಿ ನೋಡಿ ಭವಿಷ್ಯ ಹೇಳುವುದಿಲ್ಲ. ಅವನಿಗೆ ಬೇಕಾದ್ದು ವರ್ಷ, ತಿಂಗಳು, ದಿನ, ಹೊತ್ತು ಎಂಬ ನಾಲ್ಕು ಕಂಬಗಳು. ಒಂದೊಂದಕ್ಕೂ ಒಂದು ಕಾಂಡ, ಒಂದು ಕೊಂಬೆ, ಒಟ್ಟು ಎಂಟು ಅಕ್ಷರ; ಅದಕ್ಕೇ 'ಬಾಜ಼ಿ' ಎಂದು ಹೆಸರು. ದಿನವನ್ನು ಎರಡೆರಡು ಗಂಟೆಯ ಹನ್ನೆರಡು ಹೊತ್ತುಗಳಾಗಿ ಭಾಗಿಸಿದ್ದಾರೆ, ರಾತ್ರಿ 11ರಿಂದ 1ರವರೆಗೆ ಇಲಿಯ ಹೊತ್ತು, ಬೆಳಿಗ್ಗೆ 7ರಿಂದ 9 ಡ್ರ್ಯಾಗನ್‌ನದು. ಬ್ರೂಸ್ ಲೀ ಹುಟ್ಟಿದ್ದು 1940ರ ನವೆಂಬರ್ 27ರಂದು, ಡ್ರ್ಯಾಗನ್ ವರ್ಷದ ಡ್ರ್ಯಾಗನ್ ಹೊತ್ತಿನಲ್ಲಿ. ಹಾಂಗ್‌ಕಾಂಗ್ ಸಿನಿಮಾದಲ್ಲಿ 'ಪುಟ್ಟ ಡ್ರ್ಯಾಗನ್' ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ನಾಲ್ಕು ಕಂಬಗಳ ಬೇರೆ ಬೇರೆ ಜೋಡಣೆ ಒಟ್ಟು 5,18,400. ಸೊಂಗ್ ಕಾಲದಿಂದ ಈಚೆಗೆ ಬೆಳೆದ ಪದ್ಧತಿಯಲ್ಲಿ ವ್ಯಕ್ತಿಯ 'ತಾನು' ಎಂದು ಹಿಡಿಯುವುದು ಹುಟ್ಟಿದ ದಿನದ ಕಾಂಡವನ್ನು, ವರ್ಷದ್ದನ್ನಲ್ಲ. ಅಂದರೆ ವಾರಪತ್ರಿಕೆಯ ಚೌಕದಲ್ಲಿ ಬರುವ 'ನೀವು ಇಂಥ ಪ್ರಾಣಿ' ಎಂಬುದು ಎಂಟು ಅಕ್ಷರಗಳಲ್ಲಿ ಒಂದೇ ಒಂದು.

ಅದೊಂದೇ ಹೊಂದುತ್ತದೆ ಎಂದು ಅನಿಸುವುದೇಕೆ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ವ್ಯಕ್ತಿತ್ವವಿವರಣೆಯನ್ನು 'ಇದು ನಿನಗಾಗಿಯೇ ಬರೆದದ್ದು' ಎಂದು ಹಂಚಿದ. ಅದರ ಸಾಲುಗಳಲ್ಲಿ ಹೆಚ್ಚಿನವು ಜ್ಯೋತಿಷ ಪುಸ್ತಕದಿಂದ ಎತ್ತಿದವು. ವಿದ್ಯಾರ್ಥಿಗಳು ಅದಕ್ಕೆ 5ಕ್ಕೆ ಸರಾಸರಿ 4ಕ್ಕೂ ಹೆಚ್ಚು ಅಂಕ ಕೊಟ್ಟರು.

ನಂಬಿಕೆಯ ತೂಕ

ಗುಣ ನಿಜವೋ ಸುಳ್ಳೋ, ನಂಬಿಕೆಯ ಪರಿಣಾಮವನ್ನಂತೂ ಜನಗಣತಿಯಲ್ಲೇ ನೋಡಬಹುದು. ಬೆಂಕಿ-ಕುದುರೆ ವರ್ಷದ ಹೆಣ್ಣು ಗಂಡನ ಆಯಸ್ಸಿಗೆ ಕುತ್ತು ಎಂಬುದು ಜಪಾನಿನ ಹಳೆಯ ನಂಬಿಕೆ. ಪ್ರಿಯಕರನನ್ನು ನೋಡುವ ಆಸೆಗೆ ಊರಿಗೇ ಬೆಂಕಿಯಿಡಲು ಹೋಗಿ 1683ರಲ್ಲಿ ಮರಣದಂಡನೆಗೆ ಗುರಿಯಾದ ಎಡೋ ನಗರದ ತರಕಾರಿ ವ್ಯಾಪಾರಿಯ ಮಗಳು ಓಶಿಚಿ 1666ರ ಬೆಂಕಿ-ಕುದುರೆ ಎಂಬ ಕಥೆ ಅದಕ್ಕೆ ಬಲ ಕೊಟ್ಟಿತು. 1906ರಲ್ಲಿ ಹುಟ್ಟಿದ ಹೆಣ್ಣುಕೂಸುಗಳ ದಿನಾಂಕವನ್ನು ಹಿಂದಕ್ಕೋ ಮುಂದಕ್ಕೋ ತಳ್ಳಿ ಬರೆಸಿದವರಿದ್ದರು. ಮುಂದಿನ ಬೆಂಕಿ-ಕುದುರೆ 1966. ಅಷ್ಟು ಹೊತ್ತಿಗೆ ಜಪಾನ್ ಒಲಿಂಪಿಕ್ಸ್ ನಡೆಸಿ, ಬುಲೆಟ್ ರೈಲು ಓಡಿಸಿ ಆಗಿತ್ತು. ಆದರೂ 1965ರಲ್ಲಿ 18.2 ಲಕ್ಷ ಇದ್ದ ಜನನ ಆ ವರ್ಷ 13.6 ಲಕ್ಷಕ್ಕೆ ಕುಸಿದು, 1967ಕ್ಕೆ ಮತ್ತೆ 19.4 ಲಕ್ಷಕ್ಕೆ ಜಿಗಿಯಿತು. ಇನ್ಯಾವ ಯುದ್ಧ, ರೋಗ, ಬರ ಇಲ್ಲದೆ ಒಂದೇ ವರ್ಷಕ್ಕೆ ನಾಲ್ಕನೇ ಒಂದು ಪಾಲು ಮಕ್ಕಳು ಕಡಿಮೆ! ಆ ವರ್ಷದ 1.58 ಎಂಬ ಫಲವತ್ತತೆ ದರ ಬಹುಕಾಲ ಒಂದು ವಿಚಿತ್ರವಾಗಿ ಉಳಿದಿತ್ತು. 1989ರಲ್ಲಿ ಯಾವ ಕುದುರೆಯ ಕಾಟವೂ ಇಲ್ಲದೆ ದರ 1.57ಕ್ಕೆ ಇಳಿದಾಗ ಸರ್ಕಾರಕ್ಕೆ ನಿಜವಾದ ದಿಗಿಲು ಹತ್ತಿತು.

ಡ್ರ್ಯಾಗನ್ ವರ್ಷದಲ್ಲಿ ಇದರ ತಲೆಕೆಳಗು. ತೈವಾನ್, ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ 1976, 1988ರಿಂದಲೂ ಡ್ರ್ಯಾಗನ್ ಬಂದಾಗ ಹೆರಿಗೆ ಆಸ್ಪತ್ರೆಗಳು ತುಂಬುತ್ತವೆ. ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದ ಚೀನಾದ ಜನನ ಸಂಖ್ಯೆ ಕೂಡ 2023ರ 90.2 ಲಕ್ಷದಿಂದ ಡ್ರ್ಯಾಗನ್ ವರ್ಷವಾದ 2024ರಲ್ಲಿ 95.4 ಲಕ್ಷಕ್ಕೆ ಏರಿತು. ಹುಲಿ ವರ್ಷವಾದ 2010ರಲ್ಲಿ ತೈವಾನಿನ ಫಲವತ್ತತೆ ದರ 0.9ರ ಆಸುಪಾಸಿಗೆ ಬಿದ್ದಿತ್ತು. ಡ್ರ್ಯಾಗನ್ ಮಕ್ಕಳು ನಿಜಕ್ಕೂ ಮುಂದಿರುತ್ತಾರೆಯೇ ಎಂದು ನಾಜಿ ಮೋಜಾನ್ ಮತ್ತು ಹಾನ್ ಯೂ ಎಂಬ ಅರ್ಥಶಾಸ್ತ್ರಜ್ಞರು ಚೀನಾದ ಮಕ್ಕಳ ಅಂಕಗಳನ್ನು ತೆಗೆದು ನೋಡಿದರು. ಮುಂದಿದ್ದರು. ಕಾರಣ ಗ್ರಹಗತಿಯಲ್ಲ: ಡ್ರ್ಯಾಗನ್ ಹೆತ್ತೆವೆಂದು ನಂಬಿದ ತಂದೆತಾಯಿ ಅವರ ಮೇಲೆ ಹೆಚ್ಚು ನಿರೀಕ್ಷೆ ಇಟ್ಟು, ಹೆಚ್ಚು ಸಮಯ ಮತ್ತು ದುಡ್ಡು ಸುರಿದಿದ್ದರು. ಅದರ ಇನ್ನೊಂದು ಮುಖವೂ ಇದೆ. ಅಷ್ಟೂ ಮಕ್ಕಳು ಒಂದೇ ವರ್ಷ ಶಾಲೆಯ ಬಾಗಿಲಿಗೆ, ಆಮೇಲೆ ಒಂದೇ ವರ್ಷ ಕೆಲಸದ ಸಾಲಿಗೆ ಬಂದು ನಿಲ್ಲುತ್ತಾರೆ.

ತತ್ತ್ವದ ಮೇಲೂ ಇಂಥದೊಂದು ಅಧ್ಯಯನ ಬಹಳ ಸದ್ದು ಮಾಡಿತ್ತು. ಕ್ಯಾಲಿಫೋರ್ನಿಯಾದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು 1993ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಲೋಹದ ವರ್ಷದಲ್ಲಿ ಹುಟ್ಟಿ ಶ್ವಾಸಕೋಶದ ರೋಗ ಬಂದಂತಹ 'ಕೆಟ್ಟ ಜೋಡಿ'ಯ ಚೀನೀ ಅಮೆರಿಕನ್ನರು ಉಳಿದವರಿಗಿಂತ ಬೇಗ ಸಾಯುತ್ತಾರೆ, ನಂಬಿಕೆ ಗಾಢವಾದಷ್ಟೂ ಅಂತರ ಹೆಚ್ಚು ಎಂದು ಬರೆದರು. ಇದನ್ನು ಇಂದಿಗೂ ಸಿದ್ಧಸತ್ಯವೆಂಬಂತೆ ಉಲ್ಲೇಖಿಸುವವರಿದ್ದಾರೆ. 2006ರಲ್ಲಿ ಗ್ಯಾರಿ ಸ್ಮಿತ್ ಹೊಸ ಅಂಕಿಅಂಶ ತೆಗೆದುಕೊಂಡು ಪರೀಕ್ಷಿಸಿದಾಗ ಅಂಥ ಪರಿಣಾಮ ಕಾಣಲಿಲ್ಲ. ಜಪಾನಿನ 1966ರ ಕುಸಿತದ ಎದುರು ಇದು ಬಹಳ ತೆಳುವಾದ ಸಾಕ್ಷ್ಯ.

ಹನ್ನೆರಡು ವರ್ಷಕ್ಕೊಮ್ಮೆ ನಿಮ್ಮ ಪ್ರಾಣಿ ಮರಳಿ ಬಂದಾಗ ಅದೃಷ್ಟ ಖುಲಾಯಿಸುತ್ತದೆ ಎಂದು ಎಣಿಸಬೇಡಿ. ಚೀನೀಯರಿಗೆ ಸ್ವಂತ ಪ್ರಾಣಿಯ ವರ್ಷ ಅಪಾಯದ್ದು. ಆ ವರ್ಷದ ಅಧಿದೇವತೆ 'ತಾಯ್‌ಸುಯಿ'ಯ ಕಣ್ಣಿಗೆ ಬೀಳುತ್ತಾರಂತೆ. ತಾಯ್‌ಸುಯಿ ಹುಟ್ಟಿದ್ದು ಗುರುಗ್ರಹದ ಲೆಕ್ಕದಿಂದ. ಗುರು ಸೂರ್ಯನನ್ನು ಸುತ್ತಲು ಸುಮಾರು 11.86 ವರ್ಷ ತೆಗೆದುಕೊಳ್ಳುತ್ತಾನೆ. ನಮ್ಮ ನದಿಗಳ ಪುಷ್ಕರ ಹನ್ನೆರಡು ವರ್ಷಕ್ಕೊಮ್ಮೆ ಬರುವುದೂ ಅದೇ ಗುರುವಿನಿಂದ. ಪರಿಹಾರವೂ ಸುಲಭದ್ದೇ. ಕೆಂಪು ಸೊಂಟಪಟ್ಟಿ, ಕೆಂಪು ಕಾಲುಚೀಲ, ಕೈಗೊಂದು ಕೆಂಪು ದಾರ. ಒಳಉಡುಪು ಕೂಡ ಕೆಂಪು. ಹೊಸವರ್ಷದ ಮುಂಚೆ ಚೀನಾದ ಅಂಗಡಿಗಳಲ್ಲಿ ಕೆಂಪು ಬನಿಯನ್‌ಗಳ ರಾಶಿ ಬೀಳುವುದು ಈ ಲೆಕ್ಕಕ್ಕೆ. ಸ್ವಂತಕ್ಕೆ ಕೊಂಡುಕೊಳ್ಳುವುದಕ್ಕಿಂತ ಮನೆಯ ಹಿರಿಯರು ಕೊಡಿಸಿದರೆ ಇನ್ನೂ ಒಳ್ಳೆಯದಂತೆ.

ದಿನನಿತ್ಯದಲ್ಲಿ ಈ ಪ್ರಾಣಿಗಳು ಹೆಚ್ಚು ಕೆಲಸಕ್ಕೆ ಬರುವುದು ವಯಸ್ಸು ತಿಳಿಯಲು. 6ನೆಯ ಶತಮಾನದಲ್ಲಿ ಉತ್ತರ ಚೀನಾದ ಯುದ್ಧಗಳಲ್ಲಿ ಶತ್ರುರಾಜ್ಯದ ವಶವಾಗಿ ದಶಕಗಳ ಕಾಲ ಮಗನಿಂದ ದೂರವಾಗಿದ್ದ ತಾಯಿಯೊಬ್ಬಳು, ಆಗ ಪ್ರಬಲ ಮಂತ್ರಿಯಾಗಿದ್ದ ಮಗ ಯೂವನ್ ಹೂಗೆ ಬರೆಸಿದ ಪತ್ರ ಇತಿಹಾಸಗ್ರಂಥದಲ್ಲಿ ಉಳಿದಿದೆ. ತಾನೇ ತಾಯಿ ಎಂಬುದಕ್ಕೆ ಗುರುತಾಗಿ ಆಕೆ, ಹಿರಿಯವನು ಇಲಿ, ಎರಡನೆಯವನು ಮೊಲ, ನೀನು ಹಾವು ಎಂದು ಮಕ್ಕಳ ವರ್ಷಗಳನ್ನು ನೆನಪಿಸುತ್ತಾಳೆ. ಇಂದಿಗೂ ಚೀನಾದಲ್ಲಿ ನೇರವಾಗಿ ವಯಸ್ಸು ಕೇಳಲು ಮುಜುಗರವಾದರೆ 'ನಿಮ್ಮದು ಯಾವ ಪ್ರಾಣಿ?' ಎಂದು ಕೇಳುತ್ತಾರೆ. ಎದುರಿನವರು 'ಕುದುರೆ' ಎಂದರೆ ಅವರು 1966, 1978, 1990, 2002 ಇವುಗಳಲ್ಲಿ ಯಾವುದೋ ಒಂದರಲ್ಲಿ ಹುಟ್ಟಿದವರು. ಹನ್ನೆರಡು ವರ್ಷದ ವ್ಯತ್ಯಾಸವನ್ನು ಮುಖವೇ ಹೇಳುತ್ತದೆ. ಸಿಂಗಪುರದಲ್ಲೋ ಶೆನ್‌ಜೆನ್‌ನಲ್ಲೋ ಕೆಲಸಕ್ಕಿರುವವರು ಊಟದ ಮೇಜಿನಲ್ಲಿ ಈ ಪ್ರಶ್ನೆ ಎದುರಾದರೆ ನಿಮ್ಮ ಗುಣಸ್ವಭಾವ ಕೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಯಾರು ಯಾರಿಗೆ ಮೊದಲು ಚಹಾ ಬಗ್ಗಿಸಬೇಕು ಎಂಬುದರ ಲೆಕ್ಕ ನಡೆಯುತ್ತಿರಬಹುದು.